ಕಸ್ತೂರಿಯ ಕಿವಿ ಎಲ್ಲಿದೆ

ನಮ್ಮೂರಿನ ಬಸ್ಸು ಓಡಿಸುವವನು ನಾನು. ಊರಿಗೆ ಇರುವುದು ಒಂದೇ ಬಸ್ಸು, ಒಬ್ಬನೇ ಡ್ರೈವರ್. ಆದ್ದರಿಂದ ಈ ಸೀಮೆಯಲ್ಲಿ ನನ್ನಷ್ಟು ಚೆಂದ ಬಸ್ಸು ಓಡಿಸುವವರು ಇನ್ನೊಬ್ಬರಿಲ್ಲ ಎಂದು ನಾನು ಹೇಳಿದರೆ ಅದನ್ನು ಸುಳ್ಳು ಮಾಡಿ ತೋರಿಸಲು ಇದುವರೆಗೆ ಯಾರಿಂದಲೂ ಆಗಿಲ್ಲ. ರಾತ್ರಿ ಮಲಗುವುದೂ ಬಸ್ಸಿನಲ್ಲೇ, ಸ್ಟೇರಿಂಗನ್ನು ಎರಡೂ ಕೈಗಳಿಂದ ತಬ್ಬಿಕೊಂಡು. ಒಮ್ಮೆ ಯಾರದೋ ಮನೆಯ ಹೋಳಿಗೆ ಊಟ ಭಾರವಾಗಿ ಹಾಗೆಯೇ ಕಟ್ಟೆಯ ಮೇಲೆ ಉರುಳಿಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಬಸ್ಸು ಹಿರೇಗೌಡರ ಮಾಳಿಗೆಯ ಮೇಲೆ, ಒಣಹಾಕಿದ್ದ ಹಪ್ಪಳಗಳ ನಡುವೆ, ಒಂದು ಹಪ್ಪಳವನ್ನೂ ಮುರಿಯದೆ ನಿಂತಿತ್ತು. ಅದನ್ನು ಮಾಳಿಗೆಯ ಮೆಟ್ಟಿಲುಗಳ ಮೇಲೆ ಹಿಂದಕ್ಕೆ ಓಡಿಸಿಕೊಂಡು ಇಳಿಸಿದವನು ನಾನೇ. ಕಣ್ಣಾರೆ ಕಂಡವರು ಇನ್ನೂ ಬದುಕಿದ್ದಾರೆ. ಆದರೆ ಇದು ನನ್ನ ಕಥೆಯಲ್ಲ, ನನ್ನ ತಮ್ಮ ಚನ್ನವೀರನದು. ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಪೈಕಿ ಅಲ್ಲ ಅವನು. ನಮ್ಮ ಮನೆತನದಲ್ಲಿ ಆ ಕೆಲಸವನ್ನೆಲ್ಲ ನಾನೊಬ್ಬನೇ ಮಾಡಿಕೊಂಡು ಬಂದಿದ್ದೇನೆ.

ರಾತ್ರಿ ನಿದ್ದೆ ಹೋದವರ ಕೈಯಲ್ಲಿ ಇಲ್ಲದ ಸಾಮಾನು ನಮ್ಮೂರಿನಲ್ಲಿ ಬೆಳಗಾಗುವಷ್ಟರಲ್ಲಿ ಬೇರೆ ಯಾರದೋ ಮನೆಯಲ್ಲಿರುತ್ತದೆ. ಒಬ್ಬರು ಒಂದನ್ನು ಮಾತ್ರ ಹಿಡಿದಿಟ್ಟುಕೊಳ್ಳಬಹುದು. ಆಸೆಪಟ್ಟು ಎರಡು ಹಿಡಿದರೆ ಎರಡೂ ಹೋಗುತ್ತವೆ. ಮೈಮೇಲಿನ ಬಟ್ಟೆಗೆ ವಿನಾಯಿತಿ ಉಂಟು, ಇಲ್ಲವಾಗಿದ್ದರೆ ಊರಿನ ಮಾನ ಎಂದೋ ಬೀದಿಗೆ ಬರುತ್ತಿತ್ತು. ಹಗ್ಗದಿಂದ ಕಟ್ಟಿದರೆ ಹಗ್ಗ ಉಳಿಯುತ್ತದೆ, ಬೀಗ ಹಾಕಿದರೆ ಬೀಗವೇ ಮೊದಲು ಹೊರಡುತ್ತದೆ. ಹೀಗಾಗಿ ದೀಪ ಆರಿಸುವ ಮುಂಚೆ ಪ್ರತಿ ಮನೆಯಲ್ಲೂ ಒಂದು ಮಾತುಕತೆ ನಡೆಯಲೇಬೇಕು: ನಾಳೆ ಎದ್ದ ಕೂಡಲೇ ಬೇಕಾಗುವುದು ಯಾವುದು, ಅದನ್ನು ಯಾರು ತಬ್ಬಿಕೊಳ್ಳುವುದು. ಅತ್ತೆ ರೊಟ್ಟಿಯ ಹಂಚು ಹಿಡಿದರೆ ಸೊಸೆ ಹಾಲಿನ ಪಾತ್ರೆ ಹಿಡಿಯುತ್ತಾಳೆ. ನೆಂಟರು ಬಂದರೆ ನಮಗಾಗುವ ಸಂತೋಷ ಅಷ್ಟಿಷ್ಟಲ್ಲ. ಬಂದವರಿಗೆ ಹೊಟ್ಟೆ ತುಂಬ ಬಡಿಸಿ, ಹಾಸಿಗೆ ಹಾಸಿ, ಕೈಗೊಂದು ಕುಕ್ಕರ್ ಕೊಟ್ಟು ಮಲಗಿಸುತ್ತೇವೆ.

ಉಳಿದದ್ದು ಹೋಗುತ್ತದೆ, ಬರುತ್ತದೆ. ಯಾರದೋ ಬಟ್ಟಲಿನಲ್ಲಿ ಚಹಾ ಕುಡಿದು, ಇನ್ಯಾರದೋ ಚಪ್ಪಲಿ ಮೆಟ್ಟಿ ಸಂತೆಗೆ ಹೋಗುತ್ತೇವೆ. ಮನೆಗೆ ಬಂದ ಸಾಮಾನು ಅತಿಥಿ ಇದ್ದಂತೆ. ಅದನ್ನು ಹೊಸಿಲಾಚೆ ಕಾಯಿಸುವಂತಿಲ್ಲ. ಕಂಡ ಕೂಡಲೇ ಒಳಗೆ ತಂದು, ಒರೆಸಿ, ಒಳ್ಳೆಯ ಜಾಗದಲ್ಲಿಟ್ಟು, ಅದರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಬೇಕು. ಹಿಂದೆಲ್ಲ ಆ ಮಾತುಗಳನ್ನು ಬೆಳಿಗ್ಗೆ ಮಾಳಿಗೆ ಹತ್ತಿ ಕೂಗಿ ಹೇಳುತ್ತಿದ್ದೆವು. ಇಡೀ ಊರು ಒಟ್ಟಿಗೆ ಕೂಗುವ ಆ ಗದ್ದಲಕ್ಕೆ ಹೆದರಿ ಮೋಡಗಳು ಸುತ್ತುಹಾಕಿಕೊಂಡು ಹೋಗುತ್ತಿದ್ದವು. ಅದನ್ನು ನಿಲ್ಲಿಸಿದವನು ಚನ್ನವೀರ. ಕಂಪ್ಯೂಟರಿನಲ್ಲಿ ಒಂದು ಜಾಲತಾಣ ಮಾಡಿ ‘ಎಲ್ಲೈತಿ’ ಎಂದು ಹೆಸರಿಟ್ಟ. ಬಂದ ಸಾಮಾನಿನ ವರ್ಣನೆಯನ್ನು ಅದರಲ್ಲಿ ಬರೆಯುವುದು, ಕಳೆದುಕೊಂಡವರು ಅದರಲ್ಲಿ ಹುಡುಕುವುದು. ಫೋನುಗಳೂ ಅಲೆಯುತ್ತವೆ, ಅದಕ್ಕೇನಂತೆ. ಯಾರ ಫೋನು ನಮ್ಮ ದಿಂಬಿನ ಪಕ್ಕ ಬಂದಿದೆಯೋ ಅದರಲ್ಲೇ ಹುಡುಕಿದರಾಯಿತು. ನಮ್ಮೂರಿನಲ್ಲಿ ಗುಟ್ಟು ಎನ್ನುವ ಪದಾರ್ಥ ಇಲ್ಲದಿರುವುದಕ್ಕೂ ಇದೇ ಕಾರಣ.

ಎಲ್ಲೈತಿ ನಡೆಯಬೇಕಾದರೆ ಆ ಕಂಪ್ಯೂಟರು ಅಲೆಯಕೂಡದು. ಆದ್ದರಿಂದ ಚನ್ನವೀರ ಅದನ್ನು ಎದೆಗೆ ಅವಚಿಕೊಂಡು ಮಲಗುತ್ತಿದ್ದ. ಅವನ ಹೆಂಡತಿ ಶಿವಲೀಲಾ ಊರಿಗೆ ನೀರು ಬಿಡುವವಳು. ತೊಟ್ಟಿಯ ನಲ್ಲಿ ತಿರುಗಿಸುವ ಆಳುದ್ದದ ಕಬ್ಬಿಣದ ಕೀಲಿ ಅವಳ ಪಕ್ಕದಲ್ಲಿ ಮಲಗುತ್ತಿತ್ತು. ಅವರ ನಡುವೆ ಮಗಳು ಕಸ್ತೂರಿ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ. ಕಿವಿಗೆ ಹಾಕಿಕೊಳ್ಳುವ ಒಂದು ಪುಟ್ಟ ಮಷೀನು ಇದೆ, ನಾವೆಲ್ಲ ಅದನ್ನು ಕಸ್ತೂರಿಯ ಕಿವಿ ಎಂದೇ ಕರೆಯುತ್ತೇವೆ. ಅದನ್ನು ಹಾಕಿಕೊಂಡೇ ಮಲಗಬಾರದೆಂದು ಡಾಕ್ಟರು ಹೇಳಿದ್ದರು. ಮುಷ್ಟಿಯಲ್ಲಿ ಬಿಗಿಹಿಡಿದು ಮಲಗುತ್ತಿದ್ದಳು. ಆದರೆ ಮಕ್ಕಳ ಮುಷ್ಟಿ. ಬೆಳಿಗ್ಗೆ ನೋಡಿದರೆ ಬಿಚ್ಚಿರುತ್ತಿತ್ತು, ಕಿವಿ ಊರು ಸೇರಿರುತ್ತಿತ್ತು. ಎದ್ದ ಕೂಡಲೇ ಚನ್ನವೀರನ ಮೊದಲ ಕೆಲಸ ಅದನ್ನು ಹುಡುಕುವುದು.

ಅಷ್ಟರಲ್ಲಿ ಎಲ್ಲೈತಿ ನಿಧಾನವಾಗತೊಡಗಿತು. ಹುಡುಕು ಎಂದು ಒತ್ತಿದರೆ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತ ಕೂರುತ್ತಿತ್ತು. ಆ ಚಕ್ರ ನಿಲ್ಲುವಷ್ಟರಲ್ಲಿ ಹೆಂಗಸರು ಶೇಂಗಾ ಸುಲಿದು, ಹುರಿದು, ಚಟ್ನಿ ಕುಟ್ಟಿ ಡಬ್ಬಿ ತುಂಬಿ ಮುಗಿಸುತ್ತಿದ್ದರು. ಆಗಷ್ಟೇ ಮೂಡಿದ ಮೀಸೆ ನೋಡಿಕೊಳ್ಳಲು ಕನ್ನಡಿ ಹುಡುಕಿದ ಹುಡುಗನೊಬ್ಬನಿಗೆ ಉತ್ತರ ಬಂದಾಗ ಮೀಸೆ ನೆರೆತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಅವನು ನನ್ನ ಬಸ್ಸಿನಲ್ಲೇ ಓಡಾಡುತ್ತಾನೆ. ಇಷ್ಟು ಕಾಯಿಸಿ ಬರುವ ಉತ್ತರವಾದರೂ ಸರಿಯಿತ್ತೇ? ಕಸ್ತೂರಿಯ ಕಿವಿ ಎಂದು ಕೇಳಿದರೆ ಅರ್ಧ ಊರನ್ನೇ ತೋರಿಸುತ್ತಿತ್ತು.

ಯಾಕೆ ಹೀಗೆ ಎಂದು ಚನ್ನವೀರ ನನಗೆ ಬಿಡಿಸಿ ಹೇಳಿದ. ನಾನು ಒಂದೇ ಸಲಕ್ಕೆ ತಿಳಿದುಕೊಂಡೆ, ಅವನು ಮಾತ್ರ ನಾಲ್ಕು ಸಲ ಹೇಳಿದ. ದಪ್ಪ ಪುಸ್ತಕಗಳ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ಕೊಟ್ಟಿರುತ್ತಾರಲ್ಲ, ಎಲ್ಲೈತಿಯ ಹೊಟ್ಟೆಯಲ್ಲೂ ಅಂಥದೊಂದು ಇಂಡೆಕ್ಸ್ ಇದೆ. ಸೌಟು ಎಂಬ ಪದದ ಕೆಳಗೆ ಸೌಟು ಬಂದ ಮನೆಗಳು, ಚಪ್ಪಲಿಯ ಕೆಳಗೆ ಚಪ್ಪಲಿ ಬಂದ ಮನೆಗಳು. ಹೊಸದಾಗಿ ಯಾರಾದರೂ ಬರೆದಾಗ ಅದು ಬಿಡಿ ಕಟ್ಟಾಗಿ ಪಕ್ಕದಲ್ಲಿ ಬೀಳುತ್ತದೆ. ಬಿಡಿ ಕಟ್ಟುಗಳು ಹೆಚ್ಚಾದರೆ ಹುಡುಕುವಾಗ ಒಂದೊಂದನ್ನೂ ಬಿಚ್ಚಿ ನೋಡಬೇಕು, ತಡವಾಗುತ್ತದೆ. ಆದ್ದರಿಂದ ಆಗಾಗ ಎಲ್ಲವನ್ನೂ ಕೂಡಿಸಿ ಒಂದೇ ಕಟ್ಟು ಮಾಡಬೇಕು. ಬೇರೆ ಊರಿನವನಾಗಿದ್ದರೆ ಬಿಡುವಾದಾಗ ಒಮ್ಮೆ ಕೂಡಿಸುತ್ತಿದ್ದ. ನನ್ನ ತಮ್ಮ ಈ ಊರಿನವನು. ಬಂದದ್ದನ್ನು ಹೊಸಿಲಾಚೆ ಕಾಯಿಸುವುದು ಅವನಿಂದಾಗದು. ಒಂದೊಂದು ಚಮಚದ ಸುದ್ದಿ ಬಂದಾಗಲೂ ಇಡೀ ಇಂಡೆಕ್ಸನ್ನು ಬಿಚ್ಚಿ, ಅದನ್ನು ಒಳಗೆ ಸೇರಿಸಿ, ಮತ್ತೆ ಕಟ್ಟುವಂತೆ ಮಾಡಿಟ್ಟಿದ್ದ. ಊರು ಸಣ್ಣದಿದ್ದಾಗ, ಬರೆಯುವವರು ಕಡಿಮೆಯಿದ್ದಾಗ ಇದು ಯಾರಿಗೂ ಗೊತ್ತಾಗಿರಲಿಲ್ಲ. ಈಗ ಒಬ್ಬಳು ಚಮಚ ಬರೆದರೆ ಊರಿಗೆ ಊರೇ ಕೈಕಟ್ಟಿ ಕೂರಬೇಕಾಗಿತ್ತು.

ಕೂಡಿಸುವುದು ಇಷ್ಟು ತಡವಾಗಲು ಇನ್ನೊಂದು ಕಾರಣವಿತ್ತು. ಸಾಮಾನು ಮನೆ ಬಿಟ್ಟಾಗ ಒತ್ತಲೆಂದು ಚನ್ನವೀರ ‘ಹೋಯಿತು’ ಎಂಬ ಗುಂಡಿ ಇಟ್ಟಿದ್ದ. ಅಷ್ಟು ವರ್ಷಗಳಲ್ಲಿ ಅದನ್ನು ಯಾರೂ ಒಮ್ಮೆಯೂ ಒತ್ತಿರಲಿಲ್ಲ. ಹೀಗಾಗಿ ಹೋದದ್ದೆಲ್ಲ ಇದ್ದಂತೆಯೇ ಲೆಕ್ಕ. ಪ್ರತಿ ಚಮಚವೂ ಅದು ಎಂದಾದರೂ ಮಲಗೆದ್ದ ಎಲ್ಲ ಮನೆಗಳಲ್ಲೂ ಇನ್ನೂ ಇದೆ ಎಂದು ಇಂಡೆಕ್ಸ್ ನಂಬಿಕೊಂಡಿತ್ತು. ಅದರ ಮೇಲೆ ನಮ್ಮವರ ವರ್ಣನೆ ಬೇರೆ. ಕಸ್ತೂರಿಯ ಕಿವಿಯನ್ನು ಒಬ್ಬರು ಗೋಡಂಬಿ ಎಂದು ಬರೆದರೆ ಇನ್ನೊಬ್ಬರು ಶಂಖ, ಮತ್ತೊಬ್ಬರು ಮಲಗಿದ ಗಿಳಿಮರಿ. ಅತಿಥಿಯನ್ನು ಬರೀ ಹೆಸರಿನಿಂದ ಕರೆಯಲಾಗುತ್ತದೆಯೇ?

ಚನ್ನವೀರ ಇದನ್ನು ಇನ್ನೂ ಎಷ್ಟು ದಿನ ತಳ್ಳುತ್ತಿದ್ದನೋ. ಒಂದು ದಿನ ಶಾಲೆಯ ಮುಖ್ಯೋಪಾಧ್ಯಾಯಿನಿ, ದೊಡ್ಡ ಅಕ್ಕೋರು ಸುಲೋಚನಾ, ತಾವೇ ಮನೆಗೆ ಬಂದರು. ಕೂತುಕೊಳ್ಳಲಿಲ್ಲ. ಕಿವಿ ಸಿಗುವುದು ತಡವಾಗಿ ಕಸ್ತೂರಿ ದಿನವೂ ಮಧ್ಯಾಹ್ನಕ್ಕೆ ಶಾಲೆ ಮುಟ್ಟುತ್ತಾಳೆ, ಲೆಕ್ಕದ ಪಾಠ ಅವಳಿಗೆ ಈ ವರ್ಷ ಒಂದೂ ಸಿಕ್ಕಿಲ್ಲ ಎಂದರು. ಆಮೇಲೆ ದನಿ ಇಳಿಸಿ, “ನೋಡ್ರಿ ಚನ್ನವೀರಪ್ಪನವರ, ನನಗೂ ಹೇಳಾಕ ಮನಸ್ಸಿಲ್ಲ. ದೀಪಾವಳಿ ಮಟಾ ನೋಡ್ತೀನಿ. ಆಮ್ಯಾಲೂ ಹಿಂಗಾದ್ರ ಈ ಹುಡುಗೀನ ಹೊರಗಿನ ಊರಿನ ಕಿವುಡರ ಸಾಲಿಗೆ ಹಾಕ್ರಿ. ಅಲ್ಲೇ ಹಾಸ್ಟೆಲ್ ಐತಿ, ಇಟ್ಟ ಸಾಮಾನು ಇಟ್ಟಲ್ಲೇ ಇರತಾವು” ಎಂದರು. ಅವರು ಹೋದ ಮೇಲೆ ಶಿವಲೀಲಾ ಕೀಲಿಯನ್ನು ಗೋಡೆಗೆ ಒರಗಿಸಿ ಕಸ್ತೂರಿಯ ಪಕ್ಕ ಕೂತಳು. ಕಸ್ತೂರಿ ಎಲ್ಲರ ತುಟಿಗಳನ್ನೂ ಒಂದೊಂದಾಗಿ ನೋಡಿದಳು. ಕಿವಿ ಇಲ್ಲದಾಗ ಅವಳು ತುಟಿಗಳ ಅಲುಗಾಟದಿಂದಲೇ ಮಾತು ತಿಳಿಯುತ್ತಾಳೆ.

ಮರುದಿನವೇ ಚನ್ನವೀರ ಮನೆಮನೆಗೂ ಹೋಗಿ ‘ಹೋಯಿತು’ ಗುಂಡಿ ಒತ್ತಿರೆಂದು ಕೇಳಿಕೊಂಡ. ಹಿರೇಗೌಡರು ಆಗಲಿ ಎಂದರು, ಒತ್ತಲಿಲ್ಲ. ಎದುರು ಮನೆಯ ಖಾಜಾಬಿ ಕೈ ಒದ್ದೆಯಿದೆ ಎಂದಳು. ನಿಜ ಹೇಳಿದವಳು ಊರಿನ ಅತಿ ಹಿರಿಯಳಾದ ಫಕೀರವ್ವ ಒಬ್ಬಳೇ. ಅವಳ ವಯಸ್ಸನ್ನು ಇಷ್ಟೇ ಎಂದು ಹೇಳುವವರಿಲ್ಲ. ಊರ ಹೊರಗಿನ ಬೆಟ್ಟ ಅವಳಿಗೆ ಅಕ್ಕ ಎನ್ನುತ್ತದೆ ಎಂದು ನಾನು ಬಸ್ಸಿನಲ್ಲಿ ಹೊಸಬರಿಗೆ ಹೇಳುವುದುಂಟು. ಅವಳು ಚನ್ನವೀರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದಳು. “ಮನಿಗೆ ಬಂದಿದ್ದನ್ನ ಹೋತು ಅಂತ ಅನ್ನಾಕ ನನಗ ಬಾಯಿ ಬರೂದಿಲ್ಲಪಾ ಮಗನ. ಬಾಯಿಗೆ ಬರಲಾರದ್ದು ಬೆರಳಿಗೆ ಬರತೈತೇನು? ಮಂದಿ ಹೊಂಟಾಗ ಏನ ಅಂತೀವಿ ನಾವು? ಹೋಗಿ ಬಾ ಅಂತೀವಿ. ನಿನ್ನ ಗುಂಡಿ ಹಂಗ ಅಂದ್ರ ಈಗಿಂದೀಗ ಒತ್ತತೀನಿ.”

ಚನ್ನವೀರ ಅವಳ ಮುಂದೆಯೇ ಫೋನು ತೆಗೆದು ಗುಂಡಿಯ ಮೇಲಿನ ಅಕ್ಷರ ಬದಲಿಸಿದ. ‘ಹೋಗಿ ಬಾ.’ ಒಳಗಿನ ಕೆಲಸ ಅದೇ. ಫಕೀರವ್ವ ಒತ್ತಿದಳು. ಸುದ್ದಿ ಹಬ್ಬಿ, ಊರು ಸಾಲುಗಟ್ಟಿ ಒತ್ತತೊಡಗಿತು. ಎಷ್ಟೋ ವರ್ಷಗಳಿಂದ ಬೀಳ್ಕೊಡದೆ ಉಳಿದಿದ್ದ ಕೊಡೆಗಳಿಗೆ, ಬಿಂದಿಗೆಗಳಿಗೆ, ಒಂಟಿ ಕಾಲುಚೀಲಗಳಿಗೆ ಎಲ್ಲರೂ ಹೋಗಿ ಬಾ ಎಂದರು. ಕೆಲವರು ಒತ್ತುವಾಗ ಕಣ್ಣು ಒರೆಸಿಕೊಂಡರು. ನಾನೂ ಒತ್ತಿದೆ, ಒಂದು ಕಾಲದಲ್ಲಿ ನನ್ನ ಬಸ್ಸಿಗೆ ಬಂದು ಹೋದ ಒಂದು ಜೋಡಿ ಬಳೆಗಳಿಗೆ. ಯಾರವು ಎಂದು ಕೇಳಬೇಡಿ.

ಇಷ್ಟಾದರೂ ದೊಡ್ಡ ಕೆಲಸ ಉಳಿದೇ ಇತ್ತು. ಬೀಳ್ಕೊಟ್ಟದ್ದನ್ನೆಲ್ಲ ಬಿಟ್ಟು, ಇದ್ದದ್ದನ್ನು ಮಾತ್ರ ಜೋಡಿಸಿ ಇಂಡೆಕ್ಸನ್ನು ಹೊಸದಾಗಿ ಕಟ್ಟಬೇಕು. ಅದು ಗಂಟೆ ಎರಡು ಗಂಟೆಯ ಮಾತಲ್ಲ, ದಿನಗಳ ಮಾತು. ಅಲ್ಲಿಯವರೆಗೆ ಎಲ್ಲೈತಿಯನ್ನು ಮುಚ್ಚಿದರೆ ಊರು ಮತ್ತೆ ಮಾಳಿಗೆ ಹತ್ತುತ್ತದೆ. ಮುಚ್ಚದೆ ಇದ್ದರೆ, ಹುಡುಕುವವರು ಬಿಚ್ಚಿದ ಕಟ್ಟುಗಳ ನಡುವೆ ಸಿಕ್ಕಿಕೊಳ್ಳುತ್ತಾರೆ, ಒಂದನ್ನು ಕೇಳಿದರೆ ಇನ್ನೊಂದರ ಉತ್ತರ ಬರುತ್ತದೆ. ಒಂದು ಬೆಳಿಗ್ಗೆ ಮುಚ್ಚಿ ನೋಡಿದ. ಹಲ್ಲುಸೆಟ್ಟು ಸಿಗದೆ ಹಿರೇಗೌಡರು ಪಂಚಾಯಿತಿಯಲ್ಲಿ ಕೊಟ್ಟ ತೀರ್ಪು ಯಾರಿಗೂ ಅರ್ಥವಾಗದೆ, ವಾದಿ ಪ್ರತಿವಾದಿ ಇಬ್ಬರೂ ತಾವೇ ಗೆದ್ದೆವೆಂದು ಮನೆಗೆ ಹೋದರು. ಮತ್ತೆ ತೆರೆದ.

ಈ ನಡುವೆ ಕಿವಿ ಹುಡುಕುವ ಕೆಲಸ ನಿಲ್ಲುವಂತಿರಲಿಲ್ಲ. ಚಕ್ರ ತಿರುಗುವುದನ್ನು ನೋಡುತ್ತ ಕೂರುವುದಕ್ಕಿಂತ ನಡೆದು ಹುಡುಕುವುದೇ ಬೇಗ ಎಂದು ತಂದೆ ಮಗಳು ಕೈಹಿಡಿದುಕೊಂಡು ಮನೆಮನೆ ತಿರುಗುತ್ತಿದ್ದರು. ಬಸ್ಸಿನಿಂದ ನನಗೆ ದಿನವೂ ಕಾಣುತ್ತಿದ್ದರು. ಹೊಸಿಲಲ್ಲಿ ನಿಂತು ಕೇಳುವುದು, ಇಲ್ಲವೆಂದವರು ಕಸ್ತೂರಿಯ ಕೈಗೆ ಶೇಂಗಾ ಉಂಡೆಯನ್ನೋ ಬೆಲ್ಲದ ಚೂರನ್ನೋ ಇಡುವುದು, ಮುಂದಿನ ಮನೆ. ನಡುವೆ ಚನ್ನವೀರ ನಿಂತು, ಬಗ್ಗಿ, ಅವಳಿಗೆ ಏನೇನೋ ಹೇಳುತ್ತಿದ್ದ. ದೂರದಲ್ಲಿ ಜಗಳವಾಡುವವರು ಏನು ಬೈದುಕೊಳ್ಳುತ್ತಿದ್ದಾರೆ ಎಂದು ಅವಳು ತುಟಿ ನೋಡಿ ಅವನಿಗೆ ಹೇಳುತ್ತಿದ್ದಳು. ಕಿವಿ ಇಲ್ಲದಾಗ ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯುವುದಿಲ್ಲವಾದ್ದರಿಂದ ಆ ಬೈಗುಳಗಳು ಊರಿಗೆಲ್ಲ ಕೇಳಿ, ಜಗಳ ಅಲ್ಲಿಗೇ ನಿಲ್ಲುತ್ತಿತ್ತು. ಹೀಗೆ ಅವಳು ನಿಲ್ಲಿಸಿದ ಜಗಳಗಳಿಂದಾಗಿ ಆ ವರ್ಷ ಪೊಲೀಸರು ನಮ್ಮೂರಿಗೆ ಬರುವ ದಾರಿಯನ್ನೇ ಮರೆತರು.

ಹಾಗೆ ತಿರುಗುತ್ತ ಒಮ್ಮೆ ನೀರಿನ ತೊಟ್ಟಿಗಳ ಹತ್ತಿರ ಬಂದರು. ನನ್ನ ಬಸ್ಸು ಅಲ್ಲಿ ನೀರಿಗೆ ನಿಂತಿತ್ತು. ಶಿವಲೀಲಾ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ ದೊಡ್ಡ ತೊಟ್ಟಿಯೊಳಗೆ ಇಳಿದು ಪಾಚಿ ಉಜ್ಜುತ್ತಿದ್ದಳು. ತೊಟ್ಟಿ ಖಾಲಿ, ಆದರೆ ಕೆಳಗೆ ಊರಿನ ನಲ್ಲಿಗಳಲ್ಲಿ ನೀರು ಸುರಿಯುತ್ತಲೇ ಇದೆ. ಕಸ್ತೂರಿಗೆ ಇದು ಸೋಜಿಗ. ತೊಟ್ಟಿ ತೊಳೆಯುವಾಗ ನೀರು ಹೇಗೆ ಬರುತ್ತದೆ ಎಂದು ಬೆಟ್ಟ ಮರುದನಿ ಕೊಡುವಂತೆ ಕೇಳಿದಳು. ಶಿವಲೀಲಾ ಪೊರಕೆ ಬದಿಗಿಟ್ಟು, ಅವಳಿಗೆ ಕಾಣುವಂತೆ ಮುಖ ಎತ್ತಿ, ಕೈಯಿಂದ ತೋರಿಸುತ್ತ ಹೇಳಿದಳು: “ಅಕಾ ಅಲ್ಲಿ ನೋಡವ್ವಾ, ಆ ಹಳೇ ತೊಟ್ಟಿ ನಡದೈತಿ. ಊರಿಗೆ ಅದರ ನೀರು. ಇದನ್ನ ಸಾವಕಾಶ ತೊಳದು, ತುಂಬಿಸಿ, ಆಮ್ಯಾಲ ಕೀಲಿ ಒಮ್ಮೆ ತಿರುವತೀನಿ. ಹನಿ ಸುದ್ದಾ ನಿಂದರೂದಿಲ್ಲ, ಬದಲಾಗಿದ್ದು ಯಾರಿಗೂ ಗೊತ್ತಾಗೂದಿಲ್ಲ.”

ಕಸ್ತೂರಿಗೆ ತಿಳಿಯಿತು. ಅವಳಿಗಿಂತ ಹೆಚ್ಚು ಅವಳ ಅಪ್ಪನಿಗೆ ತಿಳಿಯಿತು. ಅವನು ಒಮ್ಮೆ ಹಳೇ ತೊಟ್ಟಿಯನ್ನು, ಒಮ್ಮೆ ಖಾಲಿ ತೊಟ್ಟಿಯನ್ನು ನೋಡಿದ. ಆಮೇಲೆ ಓಡಿದ. ಮಗಳು ಹಿಂದೆ ಉಳಿದದ್ದು ನೆನಪಾಗಿ ವಾಪಸು ಓಡಿ ಬಂದು, ಅವಳನ್ನು ಎತ್ತಿಕೊಂಡು ಮತ್ತೆ ಓಡಿದ. ಅವನ ಓಟಕ್ಕೆ ಎದ್ದ ದೂಳಿನಲ್ಲಿ ನಾನು ಹಗಲಲ್ಲೇ ದೀಪ ಹಚ್ಚಿಕೊಂಡು ಬಸ್ಸು ಓಡಿಸಬೇಕಾಯಿತು.

ಹಳೆಯ ಇಂಡೆಕ್ಸನ್ನು ಅವನು ಮುಟ್ಟಲಿಲ್ಲ. ಅದು ತನ್ನ ಪಾಡಿಗೆ, ತನ್ನ ನಿಧಾನದಲ್ಲಿ ಊರಿಗೆ ಉತ್ತರ ಕೊಡುತ್ತಿರಲಿ ಎಂದು ಬಿಟ್ಟ. ಅದೇ ಕಂಪ್ಯೂಟರಿನ ಇನ್ನೊಂದು ಮೂಲೆಯಲ್ಲಿ ಹೊಸದನ್ನು ಕಟ್ಟತೊಡಗಿದ. ಹೋಗಿ ಬಾ ಎಂದದ್ದಕ್ಕೆ ಅದರಲ್ಲಿ ಜಾಗವಿಲ್ಲ. ಗೋಡಂಬಿ, ಶಂಖ, ಗಿಳಿಮರಿ ಎಂದು ಯಾರು ಏನೇ ಬರೆದರೂ ಅದು ಕಿವಿಯೇ ಎಂದು ಅದಕ್ಕೆ ಕಲಿಸಿದ. ಇನ್ನು ಮುಂದೆ ಬರುವ ಸುದ್ದಿಗಳಿಗೆ ಒಂದು ಕಟ್ಟೆ ಮಾಡಿದ: ಅತಿಥಿ ಹೊಸಿಲಾಚೆ ನಿಲ್ಲುವುದಿಲ್ಲ, ಆದರೆ ಬಂದ ಕ್ಷಣವೇ ಅಡುಗೆಮನೆಗೂ ಬರಬೇಕಾಗಿಲ್ಲ, ಕಟ್ಟೆಯ ಮೇಲೆ ಕೂತು ನೀರು ಕುಡಿಯಲಿ, ಹುಡುಕಿ ಬಂದವರಿಗೆ ಅಲ್ಲಿಂದಲೂ ಕಾಣಲಿ. ದಿನಕ್ಕೊಮ್ಮೆ, ಊರು ರೊಟ್ಟಿ ತಿಂದು ಅಡ್ಡಾಗುವ ಮಧ್ಯಾಹ್ನದಲ್ಲಿ, ಹಗಲು ನಿದ್ದೆಗೆ ಸಾಮಾನು ಕದಲುವುದಿಲ್ಲವಾದ್ದರಿಂದ ಯಾರೂ ಏನೂ ಹುಡುಕದ ಆ ಹೊತ್ತಿನಲ್ಲಿ, ಎಲ್ಲವನ್ನೂ ಒಟ್ಟಿಗೆ ಒಳಗೆ ಸೇರಿಸಿದರಾಯಿತು.

ಕಟ್ಟುವ ಕೆಲಸ ದೀಪಾವಳಿ ಹತ್ತಿರ ಬರುವವರೆಗೂ ನಡೆಯಿತು. ಕಂಪ್ಯೂಟರು ಎಷ್ಟು ಬಿಸಿಯಾಯಿತೆಂದರೆ ಚನ್ನವೀರನ ಎದೆಯ ಮೇಲೆ ಶಿವಲೀಲಾ ರೊಟ್ಟಿ ಬೇಯಿಸಬಹುದಿತ್ತು. ಬೇಯಿಸಿದಳೆಂದೂ ಕೆಲವರು ಹೇಳುತ್ತಾರೆ, ನಾನು ತಿಂದಿದ್ದೇನೆಯೇ ಹೊರತು ನೋಡಿಲ್ಲ. ಅವನು ಬಡವಾದ. ಮಾತು ಕಡಿಮೆ ಮಾಡಿದ, ಮೊದಲೇ ಇದ್ದದ್ದು ಅಷ್ಟಕ್ಕಷ್ಟೇ. ಒಂದು ಸೋಮವಾರ ಚಹಾ ಹೊತ್ತಿಗೆ ನನ್ನನ್ನು ಕರೆದು, ಹಳೆಯದರಿಂದ ಹೊಸದಕ್ಕೆ ತಿರುಗಿಸುತ್ತಿದ್ದೇನೆ, ಪಕ್ಕದಲ್ಲಿರು ಎಂದ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. ಒಂದು ಬೆರಳು ಒತ್ತಿದ. ಹೊರಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಎದುರು ಮನೆಯ ಖಾಜಾಬಿ ಜರಡಿ ಹುಡುಕುತ್ತಿದ್ದವಳು, ಚಕ್ರ ತಿರುಗುತ್ತಿರಲಿ ಎಂದು ಎಂದಿನಂತೆ ಒಲೆಯ ಕಡೆ ತಿರುಗಬೇಕೆನ್ನುವಷ್ಟರಲ್ಲಿ ಜರಡಿ ಎಲ್ಲಿದೆಯೆಂದು ಬಂದೇಬಿಟ್ಟಿತ್ತು. ಅವಳು ಫೋನು ಕೆಟ್ಟಿತೆಂದುಕೊಂಡಳು.

ಅದರ ವೇಗವನ್ನು ಹೇಗೆ ಹೇಳಲಿ? ಕೆಲವರಿಗೆ ಇನ್ನೂ ಕಳೆಯದ ಸಾಮಾನಿನ ಉತ್ತರವೂ ಬರತೊಡಗಿತು. ಹಿರೇಗೌಡರು ಹಲ್ಲುಸೆಟ್ಟಿಗಾಗಿ ‘ಹ’ ಎಂದು ಬರೆಯುವಷ್ಟರಲ್ಲಿ ಅದನ್ನು ಹಿಡಿದುಕೊಂಡ ಮನೆಯವರು ಬಾಗಿಲಲ್ಲಿ ನಿಂತಿರುತ್ತಿದ್ದರು. ಕಸ್ತೂರಿಯ ಕಿವಿ ಬಿಸಿಲು ಅಂಗಳಕ್ಕೆ ಇಳಿಯುವ ಮುಂಚೆ ಮನೆ ಸೇರುತ್ತಿತ್ತು. ಅವಳು ಪ್ರಾರ್ಥನೆಯ ಹೊತ್ತಿಗೆ ಶಾಲೆಯಲ್ಲಿರುತ್ತಿದ್ದಳು. ಸುಲೋಚನಾ ಅಕ್ಕೋರು ಹಾಸ್ಟೆಲಿನ ಮಾತನ್ನು ತಾವಾಗಿಯೇ ವಾಪಸು ತೆಗೆದುಕೊಂಡರು.

ಊರವರು ಸುಮ್ಮನಿರಲಿಲ್ಲ. ದೀಪಾವಳಿಯ ದಿನ ಬೆಳಿಗ್ಗೆ ಹಿರೇಗೌಡರ ಕಟ್ಟೆಯ ಮೇಲೆ ಚನ್ನವೀರನಿಗೆ ಸನ್ಮಾನ. ಅವನಿಗೆ ಹೊದಿಸಿದ ಶಾಲು ನಿಜದಲ್ಲಿ ಅವನದೇ, ಹೋದ ವಾರ ಹಿರೇಗೌಡರ ಮನೆಗೆ ಹೋಗಿದ್ದದ್ದು. ಯಾರೂ ಅದನ್ನು ಎತ್ತಿ ಆಡಲಿಲ್ಲ. ನಾನು ಮಾತಾಡಿದೆ. ಬಹಳ ಚೆನ್ನಾಗಿ ಮಾತಾಡಿದೆ. ಗಿಡದ ಮೇಲಿನ ಕಾಗೆಗಳೂ ಕೊನೆಯವರೆಗೆ ಕೂತು ಕೇಳಿದವು. ಆಮೇಲೆ ಚನ್ನವೀರನನ್ನು ಎರಡು ಮಾತಾಡು ಎಂದರು. ಅವನು ಎದ್ದು ನಿಂತು ನೆಲ ನೋಡುತ್ತಿದ್ದಾಗ, ಮುಂದಿನ ಸಾಲಿನಲ್ಲಿದ್ದ ಕಸ್ತೂರಿ ಎದ್ದು ನಿಂತಳು. ಅವತ್ತು ಹಬ್ಬದ ಎಣ್ಣೆಸ್ನಾನ ಮಾಡಿಸಿದ್ದರಿಂದ ಕಿವಿ ಹಾಕಿರಲಿಲ್ಲ. ಅಪ್ಪನಿಗೆ ಮಾತ್ರ ಕೇಳಲಿ ಎಂದು ಅವಳು ಆಡಿದ ಮಾತು ಇಡೀ ಸಭೆಗೆ ಕೇಳಿತು.

“ಅಪ್ಪಾ, ಅದನ್ನ ಮತ್ತ ನಿಧಾನ ಮಾಡಾಕ ಬರತೈತೇನು?”

ಜನ ನಕ್ಕರು. ಚನ್ನವೀರನೂ ನಗಲು ನೋಡಿದ. ಕೆಳಗಿಳಿದು ಬಂದು ಅವಳ ಎದುರು ಕೂತು, ಯಾಕೆ ಎಂದು ಕೇಳಿದ.

“ಕಿವಿ ಇದ್ದಾಗ ನೀ ಆ ಕಡೆ ಮುಖಾ ಮಾಡಿ ಕಂಪ್ಯೂಟರ್ ನೋಡಕೋತ ಮಾತಾಡ್ತಿ,” ಅಂದಳು ಕಸ್ತೂರಿ. “ಕಿವಿ ಇಲ್ಲದಾಗ ನನ್ನ ನೋಡಿ ಮಾತಾಡ್ತಿ.”

ಆ ನಗು ಎಲ್ಲಿ ಹೋಯಿತೋ ಎಲ್ಲೈತಿಗೂ ಸಿಗಲಿಕ್ಕಿಲ್ಲ. ಚನ್ನವೀರನ ಹೆಗಲ ಮೇಲಿನ ಶಾಲು ಜಾರಿ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಶಿವಲೀಲಾ ಬಂದು ಮಗಳ ತಲೆಯ ಎಣ್ಣೆಯನ್ನು ಸೆರಗಿನಿಂದ ಒರೆಸುತ್ತ, ನಿದ್ದೆಯಲ್ಲಿ ಮುಷ್ಟಿ ಬಿಚ್ಚುತ್ತಿತ್ತೋ, ಬಿಚ್ಚಿಕೊಂಡು ನಿದ್ದೆ ಮಾಡುತ್ತಿದ್ದೆಯೋ ಎಂದು ಕೇಳಿದಳು. ಕಸ್ತೂರಿ ಅವಳ ತುಟಿಗಳ ಕಡೆ ನೋಡಲಿಲ್ಲ. ಹಾಗಾಗಿ ಆ ಪ್ರಶ್ನೆ ಅವಳಿಗೆ ತಿಳಿಯಲಿಲ್ಲ ಎಂದೇ ನಾವೆಲ್ಲ ಒಪ್ಪಿಕೊಂಡೆವು.

ಹಬ್ಬ ಮುಗಿದ ಮೇಲೆ ಒಂದು ವಿಚಿತ್ರವಾಯಿತು. ಸೋಮವಾರ ಬೆಳಿಗ್ಗೆ ಕಿವಿ ಕಸ್ತೂರಿಯ ಮುಷ್ಟಿಯಲ್ಲೇ ಇತ್ತು. ಮಂಗಳವಾರವೂ. ಬುಧವಾರ ಶಿವಲೀಲಾ ಆ ಬೆರಳುಗಳನ್ನು ಬಿಡಿಸಲು ನನ್ನನ್ನು ಕರೆಯಬೇಕಾಯಿತು. ಬಸ್ಸಿನ ಗೇರಿಗಿಂತ ಬಿಗಿಯಾಗಿದ್ದವು. ಶನಿವಾರದವರೆಗೂ ಹೀಗೆಯೇ. ದಿನವೂ ಹೊತ್ತಿಗೆ ಸರಿಯಾಗಿ ಶಾಲೆಗೆ ಹೋದಳು, ಲೆಕ್ಕದಲ್ಲಿ ಅಕ್ಕೋರ ತಪ್ಪನ್ನೇ ಹಿಡಿದಳು. ಚನ್ನವೀರ ಕಂಪ್ಯೂಟರನ್ನು ಕಿಟಕಿಯಿಂದ ಎತ್ತಿ ಎದುರು ಗೋಡೆಯ ಹತ್ತಿರ ಇಟ್ಟ, ಗೋಡೆಗೆ ಬೆನ್ನು ಕೊಟ್ಟು ಕೂತರೆ ಮುಖ ಮನೆಯ ಕಡೆಗಿರುವಂತೆ. ಆದರೂ ಅಭ್ಯಾಸ; ನೂರು ಸಲ ಮರೆತು ಪರದೆಗೆ ಮಾತಾಡುತ್ತಿದ್ದ, ನೂರೊಂದನೆಯ ಸಲ ನೆನಪಾಗಿ ಮುಖ ಎತ್ತುತ್ತಿದ್ದ.

ರವಿವಾರ ಬೆಳಿಗ್ಗೆ ಮುಷ್ಟಿ ಖಾಲಿಯಿತ್ತು. ಕಸ್ತೂರಿ ಖಾಲಿ ಅಂಗೈ ಎತ್ತಿ ಅಪ್ಪನಿಗೆ ತೋರಿಸಿದಳು. ಅವಳ ಮುಖದಲ್ಲಿದ್ದಷ್ಟು ಗಾಬರಿಯನ್ನು ನಾನು ನಾಟಕದವರಲ್ಲೂ ಕಂಡಿಲ್ಲ. ನಾನು ಬಸ್ಸು ತೊಳೆಯಲು ಬಕೆಟ್ಟು ಹುಡುಕಿಸಿಕೊಳ್ಳೋಣವೆಂದು ಆಗಷ್ಟೇ ಒಳಗೆ ಬಂದಿದ್ದೆ. ಚನ್ನವೀರ ಕೂತು ಕಿವಿ ಎಂದು ಬರೆದ. ಕೈ ಎತ್ತುವ ಮುಂಚೆಯೇ ಉತ್ತರ ಬಂದಿತ್ತು, ಅವನ ಪಕ್ಕದಲ್ಲಿ ಬಗ್ಗಿದ್ದ ನನಗೂ ಕಾಣುವಂತೆ: ಖಾಜಾಬಿಯ ಮನೆ, ಇಂದು ಬೆಳಿಗ್ಗೆ, ಮಲ್ಲಿಗೆ ಮೊಗ್ಗಿನಂಥದೊಂದು ಬಂದಿದೆ. ಖಾಜಾಬಿಯ ಮನೆಗೆ ನಮ್ಮ ಹೊಸಿಲಿನಿಂದ ಉಗುಳಿದರೆ ಮುಟ್ಟುತ್ತದೆ.

ಚನ್ನವೀರ ಅದನ್ನು ಓದಿದ. ಪರದೆಯ ಮೇಲೆ ಟವೆಲ್ಲು ಎಳೆದ. ಎದ್ದು ಬಂದು ಮಗಳ ಎದುರು ಕುಕ್ಕರಗಾಲಲ್ಲಿ ಕೂತು, ಒಂದೊಂದು ಮಾತನ್ನೂ ತುಟಿಗಳಿಂದ ಬಿಡಿಸಿ ಹೇಳಿದ: “ಇನ್ನೂ ಹುಡುಕಾಕತ್ತೈತವ್ವಾ. ಬಾ, ನಾವ ಹೋಗಿ ನೋಡೂಣು.”

ಇಬ್ಬರೂ ಯಾರವೋ ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನು ಬಾಗಿಲವರೆಗೆ ಹೋದೆ. ಎದುರಿಗೆ ಖಾಜಾಬಿ ಕಿವಿಯನ್ನು ಅಂಗೈಯಲ್ಲಿಟ್ಟುಕೊಂಡು ಹೊಸಿಲಿಗೆ ಬಂದು, ಇವರನ್ನು ಕರೆಯಲೆಂದು ಬಾಯಿ ತೆರೆದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳು ನನ್ನನ್ನು ನೋಡಿದಳು, ಬೀದಿಯಲ್ಲಿ ಹೋಗುತ್ತಿದ್ದವರನ್ನು ನೋಡಿದಳು. ಆಮೇಲೆ ಸೊಂಟದ ಎಲೆ ಅಡಿಕೆ ಸಂಚಿ ಬಿಚ್ಚಿ, ಕಿವಿಯನ್ನು ಮೆಲ್ಲಗೆ ಅದರೊಳಗೆ ಇಳಿಬಿಟ್ಟು, ದಾರ ಎಳೆದು, ಏನೂ ಕಾಣದವಳಂತೆ ಅಂಗಳಕ್ಕೆ ನೀರು ಹೊಡೆಯತೊಡಗಿದಳು.

ತಂದೆ ಮಗಳು ಅವಳ ಮನೆಯನ್ನು ಬಿಟ್ಟು, ಊರಿನ ಆ ಕಡೆಯ ತುದಿಗೆ ಮುಖ ಮಾಡಿದ್ದರು. ಮುಖ ಮಾಡಿದ್ದು ಮಗಳು ಮಾತ್ರ. ಚನ್ನವೀರ ಅವಳ ಮುಂದೆ, ಅವಳ ಕಡೆ ತಿರುಗಿ, ಏನನ್ನೋ ಹೇಳುತ್ತ, ಕಲ್ಲು ಗುಂಡಿ ಯಾವುದನ್ನೂ ನೋಡದೆ, ಇಡೀ ಬೀದಿಯನ್ನು ಹಿಮ್ಮುಖವಾಗಿ ನಡೆದುಕೊಂಡು ಹೋದ.